ಸ್ಪಾರ್ಕ್‌ಸ್ಟೇಷನ್: ಯಂತ್ರ ಒಂದು, ಯುನಿಕ್ಸ್ ಎರಡು

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಹಳೆಯ ವರ್ಕ್‌ಸ್ಟೇಷನ್ (ವೃತ್ತಿಪರರಿಗಾಗಿ ಮಾಡಿದ ಶಕ್ತಿಶಾಲಿ ಕಂಪ್ಯೂಟರ್) ಆದ ಸ್ಪಾರ್ಕ್‌ಸ್ಟೇಷನ್ 1 ಅನ್ನು ಮತ್ತೆ ನಡೆಸಲು ಹೊರಟವರಿಗೆ ಅದರಲ್ಲಿ ಸನ್‌ಓಎಸ್ ಹಾಕಬೇಕೋ ಸೊಲಾರಿಸ್ ಹಾಕಬೇಕೋ ಎಂಬ ಪ್ರಶ್ನೆ ಎದುರಾಗುತ್ತದೆ. ಒಂದೇ ಕಂಪನಿಯ ಒಂದೇ ಯಂತ್ರಕ್ಕೆ ಸ್ವಭಾವ ಬೇರೆಯಾದ ಎರಡು ಯುನಿಕ್ಸ್‌ಗಳು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳು, ಬಂದದ್ದಕ್ಕೆ ದೊಡ್ಡ ಹಿನ್ನೆಲೆಯೇ ಇದೆ.

ಆಂಡಿ ಬೆಕ್ಟೋಲ್‌ಶೈಮ್ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಕಂಪ್ಯೂಟರನ್ನು ನಂಬಿಕೊಂಡು ಸನ್ ಮೈಕ್ರೋಸಿಸ್ಟಮ್ಸ್ 1982ರಲ್ಲಿ ಹುಟ್ಟಿತು. ಬರ್ಕ್ಲಿಯಲ್ಲಿ ಬಿಎಸ್‌ಡಿ ಯುನಿಕ್ಸ್ ಬೆಳೆಸಿದ್ದ ಬಿಲ್ ಜಾಯ್ ಬಂದು ಸೇರಿದ್ದರಿಂದ ಸನ್‌ಓಎಸ್ ಸಹಜವಾಗಿ ಆ ವಂಶದ್ದಾಯಿತು. 1987ರಲ್ಲಿ ಕಂಪನಿ ಮೊಟೊರೊಲಾ ಚಿಪ್‌ಗಳ ಜೊತೆಗೆ ತನ್ನದೇ ಸ್ಪಾರ್ಕ್ ಎಂಬ ಪ್ರೊಸೆಸರ್ ವಿನ್ಯಾಸವನ್ನು ತಂದಿತು. 1989ರಲ್ಲಿ ಬಂದ ಸ್ಪಾರ್ಕ್‌ಸ್ಟೇಷನ್ 1 ಆ ವಿನ್ಯಾಸವನ್ನು ಮೇಜಿನ ಮೇಲೆ ತಂದು ಕೂರಿಸಿತು. ಹದಿನಾರು ಇಂಚು ಚದರ, ಮೂರು ಇಂಚು ಎತ್ತರದ ಪೆಟ್ಟಿಗೆಯಲ್ಲಿ 20 ಮೆಗಾಹರ್ಟ್ಸ್ ಪ್ರೊಸೆಸರ್ ಇತ್ತು. ಪಿಜ್ಜಾ ಡಬ್ಬಿ ಎಂಬ ಅಡ್ಡಹೆಸರು ಆಕಾರದಿಂದಲೇ ಬಂತು. ಅದರ ಆಪ್ಟಿಕಲ್ ಮೌಸ್ ಗೆರೆಗಳ ಜಾಲವಿದ್ದ ಲೋಹದ ಹಲಗೆಯ ಮೇಲೆ ಮಾತ್ರ ಓಡುತ್ತಿತ್ತು; ಹಲಗೆ ಕಳೆದರೆ ಮೌಸ್ ಇದ್ದೂ ಇಲ್ಲದಂತೆ.

ಈ ನಡುವೆ, ಬರ್ಕ್ಲಿಯ ಬಿಎಸ್‌ಡಿ ಮತ್ತು ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಎಂಬ ಎರಡು ಯುನಿಕ್ಸ್ ಧಾರೆಗಳನ್ನು ಒಂದುಗೂಡಿಸಲು ಸನ್ 1987ರಲ್ಲಿ ಎಟಿ ಅಂಡ್ ಟಿ ಜೊತೆ ಕೈಜೋಡಿಸಿತ್ತು. ಇದರಿಂದ ಗಾಬರಿಗೊಂಡ ಐಬಿಎಂ, ಡಿಇಸಿ, ಎಚ್‌ಪಿ ಮೊದಲಾದವು 1988ರಲ್ಲಿ ಓಪನ್ ಸಾಫ್ಟ್‌ವೇರ್ ಫೌಂಡೇಷನ್ ಕಟ್ಟಿಕೊಂಡವು. ಯುನಿಕ್ಸ್ ಒಂದಾಗಲೆಂದು ಶುರುವಾದ ಕೆಲಸದಿಂದ ಎರಡು ಬಣಗಳು ಎದ್ದವು.

ಎಟಿ ಅಂಡ್ ಟಿ ಜೊತೆಗಿನ ಒಪ್ಪಂದದ ಫಲವಾದ ಸಿಸ್ಟಮ್ ಫೈವ್ ರಿಲೀಸ್ 4ರ ಮೇಲೆ ಕಟ್ಟಿದ ಸೊಲಾರಿಸ್ 2 ಹೊರಬಂದದ್ದು 1992ರಲ್ಲಿ. ಮುದ್ರಣಕ್ಕೆ ಎಲ್‌ಪಿಆರ್ ಎನ್ನುತ್ತಿದ್ದವರು ಎಲ್‌ಪಿ ಎನ್ನಬೇಕಾಯಿತು, ನಡೆಯುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಪಿಎಸ್ ಆಜ್ಞೆಯ ಆಯ್ಕೆಗಳು ಬದಲಾದವು, ವರ್ಷಗಟ್ಟಲೆ ಕೂಡಿಟ್ಟ ಸ್ಕ್ರಿಪ್ಟ್‌ಗಳನ್ನು ತಿದ್ದಬೇಕಾಯಿತು. ಇವನ್ನೆಲ್ಲ ಸಹಿಸಬಹುದಿತ್ತು. ಆದರೆ ಸನ್‌ಓಎಸ್ ಜೊತೆಯಲ್ಲೇ ಸಿಗುತ್ತಿದ್ದ ಸಿ ಕಂಪೈಲರ್‌ಗೆ (ಸಿ ಭಾಷೆಯ ಪ್ರೋಗ್ರಾಂ ಅನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ತಂತ್ರಾಂಶ) ಈಗ ಬೇರೆ ದುಡ್ಡು ತೆರಬೇಕಾಯಿತು. ವ್ಯಾಪಾರದ ಲೆಕ್ಕದಲ್ಲಿ ಇದು ಸರಿಯಿದ್ದಿರಬಹುದು. ಪ್ರೋಗ್ರಾಂ ಬರೆಯಲೆಂದೇ ಯಂತ್ರ ಕೊಳ್ಳುತ್ತಿದ್ದ ವಿಶ್ವವಿದ್ಯಾಲಯಗಳಿಗೆ ಮಾತ್ರ ಅದು ಹಿಡಿಸುವ ಲೆಕ್ಕವಾಗಿರಲಿಲ್ಲ. ಅನೇಕರು ಉಚಿತವಾಗಿ ಸಿಗುತ್ತಿದ್ದ ಜಿಸಿಸಿ ಎಂಬ ಕಂಪೈಲರ್ ಕಡೆಗೆ ಹೊರಳಿದರು, ಸನ್‌ಓಎಸ್ 4 ಬಿಡದೆ ಹಟ ಹಿಡಿದವರೂ ಇದ್ದರು.

ಮುಂದೆ ಅಗ್ಗದ ಪಿಸಿಗಳ ಮೇಲೆ ಲಿನಕ್ಸ್ ಹಬ್ಬಿತು, ವರ್ಕ್‌ಸ್ಟೇಷನ್ ಮಾರುಕಟ್ಟೆ ಕರಗಿತು, 2010ರಲ್ಲಿ ಸನ್ ಒರಾಕಲ್ ಪಾಲಾಯಿತು.

ಇಂದು ಈ ಪೆಟ್ಟಿಗೆಗಳನ್ನು ಕಾಡುವುದು ಒಂದು ಸಣ್ಣ ಮೆಮೊರಿ ಚಿಪ್. ಯಂತ್ರದ ಗುರುತಿನ ಸಂಖ್ಯೆ, ಜಾಲದಲ್ಲಿ ಅದನ್ನು ಗುರುತಿಸುವ, 08:00:20 ಎಂದು ಆರಂಭವಾಗುವ ಈಥರ್‌ನೆಟ್ ವಿಳಾಸ ಎಲ್ಲವೂ ಇರುವುದು ಅದರಲ್ಲೇ, ಮತ್ತು ಅದರ ಬ್ಯಾಟರಿ ಚಿಪ್‌ನೊಳಗೇ ಅಚ್ಚಾಗಿದೆ. ಬ್ಯಾಟರಿ ಸತ್ತರೆ ಯಂತ್ರ ತನ್ನ ಗುರುತನ್ನೇ ಮರೆಯುತ್ತದೆ. ಆ ಸಂಖ್ಯೆಗೆ ಕಟ್ಟುಬಿದ್ದ ಸಾಫ್ಟ್‌ವೇರ್ ಲೈಸೆನ್ಸ್‌ಗಳೂ ಅದರೊಂದಿಗೆ ಹೋಗುತ್ತವೆ. ಹವ್ಯಾಸಿಗಳು ಚಿಪ್ಪಿನ ಪ್ಲಾಸ್ಟಿಕ್ ಉಜ್ಜಿ ಒಳಗಿನ ತುದಿಗಳನ್ನು ಹುಡುಕಿ, ತಂತಿ ಬೆಸೆದು, ನಾಣ್ಯದಂಥ ಬ್ಯಾಟರಿ ಕೂರಿಸಿ, ವಿಳಾಸವನ್ನು ಕೈಯಾರೆ ಮತ್ತೆ ಬರೆಯುತ್ತಾರೆ. ಸೊಲಾರಿಸ್ 7ರ ನಂತರದ ಆವೃತ್ತಿಗಳು ಈ ಯಂತ್ರವನ್ನು ಕೈಬಿಟ್ಟವು. ಬಿಎಸ್‌ಡಿ ವಂಶದ ಇನ್ನೊಂದು ಯುನಿಕ್ಸ್ ಆದ ನೆಟ್‌ಬಿಎಸ್‌ಡಿ ಇನ್ನೂ ಬಿಟ್ಟಿಲ್ಲ.