ಒರೆಸುವವರ ಕೈಗೆ ವಜ್ರ ಬಂದ ಬಗೆ

ಹೊಳಪು ಕೊಟ್ಟ ಅಮೃತಶಿಲೆಯ ನೆಲದ ಮೇಲೆ ಒಂದು ಹನಿ ನಿಂಬೆರಸ ಬಿದ್ದರೆ ಏನಾಗುತ್ತದೆಂಬುದನ್ನು ಬಗ್ಗಿ ನೋಡಿದವರು ಕಡಿಮೆ. ಹನಿಯ ಅಂಚಿನಲ್ಲಿ ಕಂಡೂ ಕಾಣದಂಥ ಗುಳ್ಳೆಗಳು ಏಳುತ್ತವೆ. ಕೆಲವು ನಿಮಿಷಗಳ ಬಳಿಕ ಒರೆಸಿದರೆ ಹನಿಯಿದ್ದಷ್ಟೇ ಅಗಲದ ಮಂಕಾದ ಮಚ್ಚೆಯೊಂದು ಉಳಿದಿರುತ್ತದೆ. ನೆತ್ತಿಯ ಮೇಲಿನಿಂದ ನೋಡಿದರೆ ಅದು ಕಣ್ಣಿಗೆ ಬೀಳದೆಯೂ ಹೋಗಬಹುದು, ಆದರೆ ಕಿಟಕಿಯ ಬೆಳಕು ಓರೆಯಾಗಿ ಹಾಯುವ ಕಡೆ ನಿಂತರೆ ಎದ್ದು ಕಾಣುತ್ತದೆ. ನೆಲದ ಒಡೆಯರು ಅದನ್ನು ಕಲೆ ಎಂದು ಕರೆದು, ಸ್ವಚ್ಛತಾ ಕೆಲಸದವರಿಗೆ ತೆಗೆಯಲು ಹೇಳುತ್ತಾರೆ. ಆದರೆ ಅಲ್ಲಿ ತೆಗೆಯುವಂಥದ್ದು ಏನೂ ಇರುವುದಿಲ್ಲ. ಅಮೃತಶಿಲೆಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದಲ್ಲಿ ಅದು ಕರಗಿ, ಒಂದಂಶ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿಹೋಗಿದೆ. ಮಚ್ಚೆಯೆಂದು ಕಾಣುತ್ತಿರುವುದು ಬಂದು ಕೂತ ಕೊಳೆಯಲ್ಲ, ಹೊರಟುಹೋದ ಕಲ್ಲು.

ಸ್ವಚ್ಛತೆಯ ಉದ್ಯಮಕ್ಕೂ ಕಲ್ಲಿನ ನೆಲದ ಪುನರುಜ್ಜೀವನಕ್ಕೂ ನಡುವಿನ ಗಡಿ ಇರುವುದು ಇಲ್ಲಿಯೇ. ಒರೆಸುವವರು ನೆಲದ ಮೇಲೆ ಬಂದು ಸೇರಿದ್ದನ್ನು ತೆಗೆಯುತ್ತಾರೆ. ಪಾಲಿಶ್ ಮಾಡುವವರು ನೆಲವನ್ನೇ ಒಂದಿಷ್ಟು ತೆಗೆಯುತ್ತಾರೆ. ಮೊದಲನೆಯ ಕೆಲಸದಲ್ಲಿ ತಪ್ಪಾದರೆ ಮರುದಿನ ಮತ್ತೊಮ್ಮೆ ಒರೆಸಬಹುದು, ಎರಡನೆಯದರಲ್ಲಿ ಹಾಗಿಲ್ಲ. ಬಹುಕಾಲ ಬೇರೆ ಬೇರೆ ಜನರ ಕೈಯಲ್ಲಿದ್ದ ಈ ಎರಡು ಕೆಲಸಗಳು ಈಚಿನ ದಶಕಗಳಲ್ಲಿ ಒಂದೇ ಸಂಸ್ಥೆಯ ದರಪಟ್ಟಿಯಲ್ಲಿ ಅಕ್ಕಪಕ್ಕದ ಸಾಲುಗಳಾದದ್ದು ಹೇಗೆ ಎಂಬುದನ್ನು ತಿಳಿಯದೆ, ಈ ಸೇವೆಯನ್ನು ಸೇರಿಸಿಕೊಂಡವರಲ್ಲಿ ಕೆಲವರು ಬೆಳೆದು ಕೆಲವರು ಕೈ ಸುಟ್ಟುಕೊಳ್ಳುವುದೇಕೆ ಎಂಬುದು ಅರ್ಥವಾಗುವುದಿಲ್ಲ.

ಕಲ್ಲಿಗೆ ಹೊಳಪು ಕೊಡುವ ವಿದ್ಯೆಯ ಮೂಲಸೂತ್ರ ಬಹಳ ಹಳೆಯದು. ಅಮೃತಶಿಲೆಯನ್ನು ಕೊಯ್ಯುವುದು ಗರಗಸವಲ್ಲ, ಅದರಡಿಯ ಮರಳು ಎಂದು ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಒರಟು ಮರಳನ್ನು ಬಳಸಿದರೆ ಕಲ್ಲು ಹೆಚ್ಚು ಸವೆದು, ಹೊಳಪು ಕೊಡುವವರಿಗೆ ಕೆಲಸ ಹೆಚ್ಚುತ್ತದೆ ಎಂಬ ದೂರೂ ಅವನ ಬರಹದಲ್ಲಿದೆ. ಹೊಳಪೆಂದರೆ ಕಲ್ಲಿನ ಮೇಲೆ ಬಳಿದ ಏನೋ ಒಂದಲ್ಲ, ಗೀರುಗಳನ್ನು ಇನ್ನೂ ಸಣ್ಣ ಗೀರುಗಳಿಂದ ಅಳಿಸುತ್ತ ಹೋಗಿ, ಕೊನೆಗೆ ಉಳಿದ ಗೀರು ಬೆಳಕನ್ನು ಚದುರಿಸಲಾರದಷ್ಟು ಸಣ್ಣದಾಗುವುದು ಎಂಬ ತಿಳಿವಳಿಕೆ ಈ ದೂರಿನ ಹಿಂದಿದೆ. ವೆನಿಸ್ಸಿನ ಟೆರಾಜೊ ಕುಶಲಕರ್ಮಿಗಳು ಅಮೃತಶಿಲೆಯ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ಹುದುಗಿಸಿ, ಉದ್ದನೆಯ ಹಿಡಿಗೆ ಕಟ್ಟಿದ ಕಲ್ಲಿನಿಂದ ನಿಂತೇ ಉಜ್ಜಿ, ಕೊನೆಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ಗ್ರೀಸಿನ ನಾಕ್ಸೋಸ್ ದ್ವೀಪದ ಎಮರಿ ಎಂಬ ಗಡಸು ಕಲ್ಲು ಶತಮಾನಗಳ ಕಾಲ ಇಂಥ ಉಜ್ಜುಗಾರಿಕೆಗೆ ಹೆಸರಾಗಿತ್ತು. ಇದು ದೇಹಬಲವನ್ನೂ ತಾಳ್ಮೆಯನ್ನೂ ಬೇಡುವ, ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ಬರುವ ಕಸುಬಾಗಿತ್ತು. ನೆಲ ಗುಡಿಸುವವರಿಗೆ ಇದರಲ್ಲಿ ಪ್ರವೇಶವಿರಲಿಲ್ಲ.

ಮೊದಲ ಬಿರುಕು ಮೂಡಿದ್ದು ಪ್ರಯೋಗಾಲಯದಲ್ಲಿ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಹೊರಟು ಸಿಲಿಕಾನ್ ಕಾರ್ಬೈಡನ್ನು ಪಡೆದ. ಅದು ಇಂಗಾಲವೂ ಕುರಂದವೆಂಬ ಗಡಸು ಖನಿಜವೂ ಕೂಡಿದ ವಸ್ತುವೆಂದು ತಪ್ಪಾಗಿ ಎಣಿಸಿ ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಊಹೆ ಸುಳ್ಳಾದರೂ ಹೆಸರು ಉಳಿಯಿತು. ಗಡಸುತನದಲ್ಲಿ ವಜ್ರಕ್ಕೆ ಸಮೀಪವಿರುವ ಈ ವಸ್ತುವಿನ ಬಿಲ್ಲೆಗಳನ್ನು ಹೊತ್ತ ವಿದ್ಯುತ್ ಉಜ್ಜುಯಂತ್ರಗಳು 1920ರ ದಶಕದಲ್ಲಿ ಟೆರಾಜೊ ನೆಲಗಳ ಮೇಲೆ ಓಡತೊಡಗಿದವು. ಆದರೂ ಆ ಯಂತ್ರಗಳು ಭಾರವಾದವು, ರಾಡಿ ಎರಚುವಂಥವು. ಹೊಸ ಕಟ್ಟಡ ಕಟ್ಟುವಾಗ ಸರಿ, ಜನ ಓಡಾಡುವ ಮನೆ ಅಥವಾ ಕಚೇರಿಯೊಳಗೆ ತರುವಂಥವಲ್ಲ. ಕಲ್ಲು ಉಜ್ಜುವವನು ಕಟ್ಟಡದ ಕೆಲಸಗಾರನಾಗಿಯೇ ಉಳಿದ.

ಅದೇ ಹೊತ್ತಿಗೆ ಸ್ವಚ್ಛತೆಯ ಉದ್ಯಮ ಬೇರೊಂದು ದಾರಿ ಹಿಡಿದಿತ್ತು, ಮತ್ತು ನನ್ನ ಎಣಿಕೆಯಲ್ಲಿ ಇಂದಿನ ತೊಡಕುಗಳ ಬೇರು ಆ ದಾರಿಯಲ್ಲಿದೆ. ಮರದ ನೆಲಕ್ಕೆ ಮೇಣ ತಿಕ್ಕುವ ಹಳೆಯ ಪದ್ಧತಿಗೆ ಎರಡನೆಯ ಮಹಾಯುದ್ಧದ ನಂತರ ಹೊಸ ರೂಪ ಬಂತು. ವಿನೈಲ್ ನೆಲಹಾಸುಗಳು ಶಾಲೆ, ಆಸ್ಪತ್ರೆ, ಅಂಗಡಿಗಳನ್ನು ತುಂಬಿದವು. ಅವುಗಳ ಮೇಲೆ ಹಚ್ಚಲು ನೀರಿನಲ್ಲಿ ಬೆರೆತ ಪಾಲಿಮರ್ ಲೇಪಗಳು ಬಂದವು. ಲೇಪವನ್ನು ಹಚ್ಚು, ಮಾಸಿದಾಗ ಕ್ಷಾರದಿಂದ ಕಿತ್ತು ತೆಗೆ, ಮತ್ತೆ ಹಚ್ಚು: ಸ್ವಚ್ಛತಾ ಗುತ್ತಿಗೆದಾರರ ಎರಡು ಮೂರು ತಲೆಮಾರುಗಳು ಈ ಚಕ್ರದಲ್ಲಿಯೇ ಪಳಗಿದವು. ಹೊಳಪು ಡಬ್ಬಿಯಿಂದ ಬರುತ್ತದೆ ಎಂಬುದು ಅವರ ಕೈಗೆ ಒಗ್ಗಿದ ಸತ್ಯವಾಯಿತು. ವಿನೈಲಿನ ಮಟ್ಟಿಗೆ ಅದು ಸತ್ಯವೇ. ಆದರೆ ಅದೇ ಡಬ್ಬಿ, ಅದೇ ಕ್ಷಾರ ಕಲ್ಲಿನ ಮೇಲೂ ಬಂದಾಗ ಲೇಪ ಕಲ್ಲಿಗಿಂತ ಮೆದುವಾದ್ದರಿಂದ ಬೇಗ ಗೀರುಬಿದ್ದು ಹಳದಿಯಾಯಿತು, ಕೆಳಗಿನಿಂದ ಮೇಲೇರಿ ಆವಿಯಾಗಬೇಕಿದ್ದ ತೇವ ದಪ್ಪ ಲೇಪದಡಿ ಸಿಕ್ಕಿಕೊಂಡಿತು, ಕಿತ್ತು ತೆಗೆಯಲು ಬಳಸಿದ ಒರಟು ಪ್ಯಾಡು ಕಲ್ಲನ್ನೇ ಕೆರೆಯಿತು. ಇಂದಿಗೂ ಪುನರುಜ್ಜೀವನದ ಎಷ್ಟೋ ಕೆಲಸಗಳಲ್ಲಿ ಮೊದಲ ದಿನವೆಲ್ಲ ಹಿಂದಿನವರು ಹಚ್ಚಿಹೋದ ಪದರಗಳನ್ನು ತೆಗೆಯುವುದರಲ್ಲೇ ಕಳೆದುಹೋಗುತ್ತದೆ.

ಡಬ್ಬಿಯ ಹೊಳಪಿಗೂ ಕಲ್ಲಿನ ಹೊಳಪಿಗೂ ನಡುವೆ ಮೂರನೆಯದೊಂದಿದೆ. ಮೆದು ಸುಣ್ಣಕಲ್ಲನ್ನು ಫ್ಲೂಸಿಲಿಕೇಟ್ ಎಂಬ, ಫ್ಲೋರಿನ್ ಮತ್ತು ಸಿಲಿಕಾನ್ ಇರುವ ಲವಣಗಳಿಂದ ಗಟ್ಟಿ ಮಾಡಬಹುದೆಂದು ಫ್ರಾನ್ಸಿನ ಕೆಸ್ಲರ್ 1883ರಲ್ಲಿ ಪ್ರಕಟಿಸಿದ್ದ. ಕಟ್ಟಡದ ಗೋಡೆಗೆಂದು ಹೊರಟ ಆ ರಸಾಯನವೇ ಮುಂದೆ ನೆಲಕ್ಕಿಳಿದು ಕ್ರಿಸ್ಟಲೈಸೇಶನ್ ಎಂಬ ಹೆಸರು ಪಡೆಯಿತು. ಮೆಗ್ನೀಸಿಯಂ ಫ್ಲೂಸಿಲಿಕೇಟ್ ಇರುವ ದ್ರವವನ್ನು ಸಿಂಪಡಿಸಿ, ಉಕ್ಕಿನ ಉಣ್ಣೆಯ ಪ್ಯಾಡಿನಿಂದ ಒಣಗುವವರೆಗೆ ತಿಕ್ಕಿದರೆ, ಒತ್ತಡ ಮತ್ತು ಬಿಸಿಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಮೇಲ್ಮೈ ಕ್ಯಾಲ್ಸಿಯಂ ಫ್ಲೋರೈಡಿನ ತೆಳು ಪದರವಾಗಿ ಮಾರ್ಪಡುತ್ತದೆ. ಇದು ಕಲ್ಲನ್ನು ಉಸಿರುಗಟ್ಟಿಸಿ ಹಾಳುಮಾಡುತ್ತದೆ ಎಂದು ಒಂದು ಗುಂಪು, ಕಲ್ಲಿಗೆ ಕವಚ ತೊಡಿಸುತ್ತದೆ ಎಂದು ಇನ್ನೊಂದು ಗುಂಪು ದಶಕಗಳಿಂದ ವಾದಿಸುತ್ತಿವೆ. ವಾದದ ಬಿಸಿಯಲ್ಲಿ ಮರೆತುಹೋಗುವ ಸಂಗತಿಯೆಂದರೆ, ಈ ವಿಧಾನ ಗೀರನ್ನು ತೆಗೆಯುವುದಿಲ್ಲ. ಗೀರುಬಿದ್ದ ನೆಲಕ್ಕೆ ಇದನ್ನು ಮಾಡಿದರೆ ಸಿಗುವುದು ಹೊಳೆಯುವ ಗೀರುಗಳು. ಕೊಳೆ ಕೂತ ನೆಲಕ್ಕೆ ಮಾಡಿದರೆ ಕೊಳೆಯೂ ಪದರದಡಿ ಭದ್ರವಾಗುತ್ತದೆ. ಗ್ರಾನೈಟಿನಲ್ಲಿ ಮಾರ್ಪಡಲು ಕ್ಯಾಲ್ಸಿಯಂ ಕಾರ್ಬೊನೇಟೇ ಇಲ್ಲವಾದ್ದರಿಂದ ಅಲ್ಲಿ ಇದು ಕೆಲಸಕ್ಕೂ ಬಾರದು. ಆದರೂ ಸ್ವಚ್ಛತಾ ಸಂಸ್ಥೆಗಳು ಇದನ್ನು ಮುಗಿಬಿದ್ದು ತೆಗೆದುಕೊಂಡದ್ದು ಸಹಜವೇ ಆಗಿತ್ತು. ಡಬ್ಬಿ, ಪ್ಯಾಡು, ಯಂತ್ರ ಎಲ್ಲವೂ ಅವರಿಗೆ ಪರಿಚಿತ. ಹೊಳಪು ಮಾತ್ರ ಹೊಸತು.

ನಿಜವಾದ ತಿರುವು ವಜ್ರದ್ದು. 1954ರ ಡಿಸೆಂಬರಿನಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಟ್ರೇಸಿ ಹಾಲ್ ಕೃತಕ ವಜ್ರವನ್ನು ತಯಾರಿಸಿದರು. ಮರುವರ್ಷ ಅದು ಲೋಕಕ್ಕೆ ತಿಳಿಯಿತು. ಅಚೆಸನ್ ಹುಡುಕಿ ಸಿಗದೇ ಹೋದದ್ದು ಕೊನೆಗೂ ಕೈಗೆ ಬಂದಿತ್ತು. ಕೃತಕ ವಜ್ರದ ಪುಡಿ ಅಗ್ಗವಾಗುತ್ತ ಬಂದಂತೆ ಕಲ್ಲಿನ ಲೋಕ ಎರಡು ತುದಿಗಳಿಂದ ಬದಲಾಯಿತು. ಒಂದು ತುದಿಯಲ್ಲಿ, 1970ರ ದಶಕದ ಕೊನೆಗೆ ಇಟಲಿಯ ಕರಾರಾದ ಗಣಿಗಳಿಗೆ ವಜ್ರದ ಮಣಿ ಪೋಣಿಸಿದ ತಂತಿ ಗರಗಸಗಳು ಬಂದವು. ಕಾರ್ಖಾನೆಗಳಲ್ಲಿ ಒಂದು ಸೆಂಟಿಮೀಟರ್ ದಪ್ಪದ ಕಲ್ಲಿನ ಟೈಲುಗಳು ರಾಶಿರಾಶಿಯಾಗಿ ತಯಾರಾದವು. ಅರಮನೆ, ದೇಗುಲ, ಬ್ಯಾಂಕುಗಳಲ್ಲಿದ್ದ ಅಮೃತಶಿಲೆ ಸಾಮಾನ್ಯ ಮನೆಯ ಸ್ನಾನದಕೋಣೆಗೂ ಬಂದಿತು. ಇನ್ನೊಂದು ತುದಿಯಲ್ಲಿ, ವಜ್ರದ ಪುಡಿಯನ್ನು ರಾಳದಲ್ಲಿ ಕೂರಿಸಿದ ತೆಳುವಾದ, ಅಂಗೈಯಗಲದ ಪ್ಯಾಡುಗಳು ಬಂದವು. ಇವನ್ನು ಉಜ್ಜುಯಂತ್ರಕ್ಕೆ ತಿರುಪು ಹಾಕಿ ಬಿಗಿಯಬೇಕಿಲ್ಲ. ಅಂಟುಪಟ್ಟಿಯಿಂದ ಚಾಲಕ ತಟ್ಟೆಗೆ ಒತ್ತಿದರೆ ಸಾಕು. ಆ ತಟ್ಟೆಯನ್ನು ತಿರುಗಿಸಲು ಬೇಕಾದದ್ದು ನಿಮಿಷಕ್ಕೆ ಸುಮಾರು 175 ಸುತ್ತು ತಿರುಗುವ ಒಂಟಿ ತಟ್ಟೆಯ ಯಂತ್ರ. ಅದು ಪ್ರತಿಯೊಂದು ಸ್ವಚ್ಛತಾ ಸಂಸ್ಥೆಯ ಉಗ್ರಾಣದಲ್ಲಿ ಮೊದಲೇ ಇತ್ತು.

ಹೀಗೆ ಕಸುಬಿನ ಬಾಗಿಲು ತೆರೆದದ್ದು ಉಪಕರಣವೇ ಹೊರತು ವಿದ್ಯೆಯಲ್ಲ. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ತೆಗೆದು ಜನ ಗಟ್ಟಿ ನೆಲಕ್ಕೆ ಮರಳಿದಾಗ, ಕಾರ್ಪೆಟ್ ತೊಳೆಯುವ ಸಂಸ್ಥೆಗಳು ಮೊದಲು ಟೈಲು ಮತ್ತು ಅದರ ಸಂದು ತುಂಬುವ ಗ್ರೌಟ್ ತೊಳೆಯುವುದಕ್ಕೆ, ಅಲ್ಲಿಂದ ಕಲ್ಲಿಗೆ ಕಾಲಿಟ್ಟವು. 1972ರಲ್ಲಿ ಕಾರ್ಪೆಟ್ ಮತ್ತು ಮೆತ್ತೆಬಟ್ಟೆ ಶುಚಿಗಾರರ ಪ್ರಮಾಣಪತ್ರಕ್ಕೆಂದೇ ಹುಟ್ಟಿ ಇಂದು ಐಐಸಿಆರ್‌ಸಿ ಎಂದು ಪರಿಚಿತವಾದ ಸಂಸ್ಥೆಯ ಪಠ್ಯಗಳಲ್ಲಿ ಈಗ ಕಲ್ಲು, ಗಾರೆ ಮತ್ತು ಟೈಲುಗಳ ಶುಚಿಕಾರ್ಯಕ್ಕೂ ಜಾಗವಿರುವುದು ಈ ಪಯಣದ ಗುರುತು.

ವಿದ್ಯೆ ಇರುವುದು ಎಲ್ಲಿ ಎಂಬುದು ಮಂಡಿಯೂರಿ ಕೂತಾಗ ತಿಳಿಯುತ್ತದೆ. ಪ್ಯಾಡುಗಳ ಬೆನ್ನ ಮೇಲೆ 50, 100, 200, 400, 800, 1500, 3000 ಎಂದು ಗ್ರಿಟ್ ಸಂಖ್ಯೆಗಳಿರುತ್ತವೆ; ಸಂಖ್ಯೆ ಹೆಚ್ಚಿದಷ್ಟೂ ವಜ್ರದ ಪುಡಿ ಸಣ್ಣದು. ಪ್ರತಿ ಹಂತದ ಕೆಲಸ ಒಂದೇ: ಹಿಂದಿನ ಹಂತ ಬಿಟ್ಟುಹೋದ ಗೀರನ್ನು ಪೂರ್ತಿ ಅಳಿಸುವುದು. ನೀರು ಹಾಕಿ ಉಜ್ಜುವಾಗ ನೆಲದ ಮೇಲೆ ಸುಣ್ಣದ ತಿಳಿಯಂಥ ಬಿಳಿ ರಾಡಿ ತುಂಬಿಕೊಂಡು, ಅಡಿಯಲ್ಲಿ ಏನಾಗುತ್ತಿದೆಯೆಂದು ಕಾಣುವುದೇ ಇಲ್ಲ. ಹೊಸಬರು 200ರಿಂದ ನೇರವಾಗಿ 800ಕ್ಕೆ ಜಿಗಿಯುತ್ತಾರೆ. ಒದ್ದೆ ನೆಲ ಹೇಗಿದ್ದರೂ ಹೊಳೆಯುತ್ತದೆ, ಆದ್ದರಿಂದ ತಪ್ಪು ಆಗ ತಿಳಿಯದು. ರಾಡಿ ಎಳೆದು, ತೊಳೆದು, ಪೂರ್ತಿ ಒಣಗಿಸಿ, ಟಾರ್ಚನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಹಿಡಿದಾಗ, ಹೊಳಪಿನ ಒಳಗಿನಿಂದ ಬಳೆಯಾಕಾರದ ಗೀರುಗಳು ಒಂದರ ಮೇಲೊಂದು ಹೆಣೆದುಕೊಂಡು ಎದ್ದು ಬರುತ್ತವೆ. ಆಗ 3000ದ ಪ್ಯಾಡನ್ನು ಎಷ್ಟು ಹೊತ್ತು ಓಡಿಸಿದರೂ ಪ್ರಯೋಜನವಿಲ್ಲ, ಮತ್ತೆ 400ಕ್ಕೆ ಇಳಿಯಬೇಕು. ನುರಿತವರು ಪ್ರತಿ ಹಂತದ ಬಳಿಕವೂ ಒಣಗಿಸಿ ನೋಡುತ್ತಾರೆ. ಅದು ಕಾಲಹರಣವೆಂದು ಮೇಲ್ವಿಚಾರಕನಿಗೆ ಅನ್ನಿಸುತ್ತದೆ, ಏಕೆಂದರೆ ಅವನ ಲೆಕ್ಕವೆಲ್ಲ ಗಂಟೆಗೆ ಎಷ್ಟು ಚದರ ಅಡಿ ಎಂಬ ಒರೆಸುವ ಕೆಲಸದ ಲೆಕ್ಕ.

ಬೆಲೆ ಕಟ್ಟುವುದರಲ್ಲಿ ಎಡವುವುದು ಇದೇ ಕಾರಣಕ್ಕೆ. ಎರಡು ಟೈಲುಗಳ ಅಂಚು ಏರುಪೇರಾಗಿದ್ದರೆ ಅದನ್ನು ಸಮ ಮಾಡಲು ರಾಳದ ಬದಲು ಲೋಹದಲ್ಲಿ ಕೂರಿಸಿದ ಒರಟು ವಜ್ರದಿಂದ ಆರಂಭಿಸಬೇಕು, ಆಗ ಕೆಲಸ ಹಲವು ಪಟ್ಟಾಗುತ್ತದೆ. ಯಂತ್ರ ತಲುಪದ ಗೋಡೆಯಂಚಿನ ಒಂದು ಗೇಣು ಜಾಗವನ್ನು ಕೈಯಂತ್ರದಿಂದ ಮಾಡಬೇಕು, ಅದು ನಡುಭಾಗದ ನೆಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಹಾಗಾಗಿ ಪಳಗಿದವರು ಮೂಲೆಯಲ್ಲೊಂದು ಟೈಲಿನ ಮೇಲೆ ಮಾದರಿ ಮಾಡಿ, ಒಡೆಯರ ಒಪ್ಪಿಗೆ ಪಡೆದ ಮೇಲೆಯೇ ದರ ಹೇಳುತ್ತಾರೆ. ವಿಮೆಯ ಪತ್ರವನ್ನೂ ಆಗಲೇ ಓದುವುದು ಒಳ್ಳೆಯದು: ಅನೇಕ ಹೊಣೆಗಾರಿಕೆ ವಿಮೆಗಳು ಪಕ್ಕದ ಕನ್ನಡಿ ಒಡೆದರೆ ಪರಿಹಾರ ಕೊಡುತ್ತವೆ, ಕೆಲಸ ನಡೆಯುತ್ತಿರುವ ನೆಲಕ್ಕೇ ಹಾನಿಯಾದರೆ ಕೊಡುವುದಿಲ್ಲ.

ಸೀಲರುಗಳ ವಿಷಯ ಒಂದೇ ಮಾತಿನದು. ಕಲ್ಲಿನ ರಂಧ್ರಗಳಿಗಿಳಿಯುವ ಸೀಲರು ಎಣ್ಣೆ, ಬಣ್ಣ ಇಂಗುವುದನ್ನು ತಡಮಾಡುತ್ತದೆ, ಆಮ್ಲ ಮೇಲ್ಮೈಯನ್ನು ತಿನ್ನುವುದನ್ನು ತಡೆಯುವುದಿಲ್ಲ. ಇದನ್ನು ಮೊದಲೇ ಹೇಳದವರು ಆಮೇಲೆ ಬಹಳ ವಿವರಣೆ ಕೊಡಬೇಕಾಗುತ್ತದೆ.

ಒರೆಸುವವರಿಗೆ ಇಲ್ಲದಿದ್ದ ಒಂದು ಅಪಾಯ ಉಜ್ಜುವವರಿಗಿದೆ. ಗ್ರಾನೈಟ್, ಮರಳುಗಲ್ಲುಗಳಲ್ಲಿ ಕ್ವಾರ್ಟ್ಜ್, ಎಂದರೆ ಹರಳು ರೂಪದ ಸಿಲಿಕಾ, ತುಂಬಿದೆ. ಅವುಗಳನ್ನು ಒಣದಾಗಿ ಉಜ್ಜಿದಾಗ ಏಳುವ ಕಣ್ಣಿಗೆ ಕಾಣದ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಉಸಿರಾಡುವ ಹರಳು ಸಿಲಿಕಾ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿತು. 2016ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ ಎಂಬ ಮಿತಿ ಹಾಕಿತು. ಶುದ್ಧ ಅಮೃತಶಿಲೆಯಲ್ಲಿ ಸಿಲಿಕಾ ಕಡಿಮೆಯಾದರೂ ನೆಲದಡಿಯ ಗಾರೆಯಲ್ಲಿ, ಸಂದುಗಳ ಗ್ರೌಟಿನಲ್ಲಿ ಮರಳಿರುತ್ತದೆ. ನೀರು ಹಾಕಿ ಉಜ್ಜಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆಗ ರಾಡಿಯ ಪ್ರಶ್ನೆ ಬರುತ್ತದೆ. ಅದನ್ನು ಬಚ್ಚಲಿಗೆ ಸುರಿದರೆ ಕೊಳವೆಯಲ್ಲಿ ಕೂತು ಮತ್ತೆ ಕಲ್ಲಿನಂತಾಗುವುದರಿಂದ, ಹೀರಿ ತೆಗೆದು, ತಳಗಟ್ಟಲು ಬಿಟ್ಟು, ಬೇರೆಯಾಗಿ ವಿಲೇವಾರಿ ಮಾಡಬೇಕು.

ಇಷ್ಟೆಲ್ಲ ತೊಡಕಿದ್ದರೂ ಸ್ವಚ್ಛತಾ ಸಂಸ್ಥೆಗೆ ಕಲ್ಲಿನ ಕುಶಲಕರ್ಮಿಗೂ ಇಲ್ಲದ ಒಂದು ಅನುಕೂಲವಿದೆ. ಅವನು ಹೊಳಪು ಕೊಟ್ಟು ಹೊರಟುಹೋಗುತ್ತಾನೆ; ಇವರು ಮರುದಿನ ಬೆಳಿಗ್ಗೆ ಅದೇ ನೆಲಕ್ಕೆ ಬಕೆಟ್ ಹಿಡಿದು ಬರುತ್ತಾರೆ. ಆ ಬಕೆಟ್ಟಿನಲ್ಲಿ ಆಮ್ಲವಿಲ್ಲದ, ತಟಸ್ಥ ದ್ರಾವಣವಿದೆಯೋ ಇಲ್ಲವೋ ಎಂಬುದು ಹೊಳಪಿನ ಆಯುಷ್ಯವನ್ನು ತೀರ್ಮಾನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಬಾಗಿಲ ಬಳಿಯ ಕಾಲೊರಸು. ಚಪ್ಪಲಿಯಡಿ ಬರುವ ಮರಳಿನ ಕಣ ಬಹುತೇಕ ಕ್ವಾರ್ಟ್ಜ್, ಮೋಸ್ ಮಾಪಕದಲ್ಲಿ ಅದರ ಗಡಸುತನ 7, ಅಮೃತಶಿಲೆಯದು 3. ಒಳಬರುವ ಪ್ರತಿ ಹೆಜ್ಜೆಯೂ ಒಂದು ಒರಟು ಪ್ಯಾಡು. ನಾಲ್ಕೈದು ಹೆಜ್ಜೆಯುದ್ದದ ಕಾಲೊರಸು ಹಾಸಿ, ದಿನಾ ಒಣ ಮಾಪ್ ಎಳೆಯುವ ಸಂಸ್ಥೆ ತನ್ನದೇ ಮುಂದಿನ ಪಾಲಿಶ್ ಗುತ್ತಿಗೆಯನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳುತ್ತಿರುತ್ತದೆ. ಕಾಲೊರಸಿನ ಮಾತನ್ನು ದರಪಟ್ಟಿಯಲ್ಲಿ ಬರೆಯುವ ಸಂಸ್ಥೆಗಳೂ ಇವೆ, ಬರೆಯದವೂ ಇವೆ.