ನರ ಪ್ರಚೋದನೆ: ಮೈಗ್ರೇನ್‌ಗೆ ಮೈಯೊಳಗಿನದೇ ಮದ್ದು?

ನೋವಿರುವುದು ತಲೆಯಲ್ಲಿ, ಕರೆಂಟ್ ಕೊಡುವುದು ತೋಳಿಗೆ. ಇದರಿಂದ ಮೈಗ್ರೇನ್ ಇಳಿಯುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಆದರೆ ಇಂಥ ಸಾಧನಗಳು ನಿಜಕ್ಕೂ ಬಳಕೆಯಲ್ಲಿವೆ. ಹಣೆಗೆ ಅಂಟಿಸಿಕೊಳ್ಳುವ ಸೆಫಾಲಿಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ತೋಳಿಗೆ ಕಟ್ಟಿಕೊಳ್ಳುವ ನೆರಿವಿಯೊಗೆ 2019ರಲ್ಲಿ ಸಿಕ್ಕಿತು. ಹೀಗೆ ಸಣ್ಣ ವಿದ್ಯುತ್ತಿನಿಂದ ನರಗಳನ್ನು ಕೆರಳಿಸಿ ನೋವು ತಗ್ಗಿಸುವುದೇ ನರ ಪ್ರಚೋದನೆ. ವೈದ್ಯರ ಬಾಯಲ್ಲಿ ನ್ಯೂರೋಮಾಡ್ಯುಲೇಷನ್.

ಇದು ಹೇಗೆ ಕೆಲಸ ಮಾಡಬಹುದು ಎಂದು ತಿಳಿಯಲು ಅಫೀಮಿನಿಂದ ಶುರು ಮಾಡಬೇಕು. ಅಫೀಮು, ಮಾರ್ಫಿನ್‌ನಂಥ ಓಪಿಯಾಯ್ಡ್‌ಗಳು ನರಕೋಶಗಳ ಮೇಲಿನ ಕೆಲವು ಗ್ರಾಹಕಗಳಿಗೆ (ರಿಸೆಪ್ಟರ್, ಅಂದರೆ ರಾಸಾಯನಿಕಗಳು ಬಂದು ಕೂರುವ ಜಾಗ) ಅಂಟಿಕೊಂಡು ನೋವು ಕಡಿಮೆ ಮಾಡುತ್ತವೆ. ಈ ಗ್ರಾಹಕಗಳು ಇರುವುದು 1973ರಲ್ಲಿ ಗೊತ್ತಾಯಿತು. ಗಸಗಸೆ ಗಿಡದ ಹಾಲಿಗೆ ನಮ್ಮ ಮಿದುಳಿನಲ್ಲಿ ಜಾಗ ಯಾಕಿರಬೇಕು? 1975ರಲ್ಲಿ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಉತ್ತರ ಕೊಟ್ಟರು. ಹಂದಿಯ ಮಿದುಳಿನಿಂದ ಅವರು ಎನ್ಕೆಫಾಲಿನ್ ಬೇರ್ಪಡಿಸಿದರು. ಮೈ ತಾನೇ ತಯಾರಿಸಿಕೊಳ್ಳುವ ಓಪಿಯಾಯ್ಡ್ ಅದು. ಎಂಡಾರ್ಫಿನ್, ಡೈನಾರ್ಫಿನ್‌ಗಳೂ ಇದೇ ಬಳಗದವು.

ಇವನ್ನು ಹೊರಗಿನಿಂದ ಎಬ್ಬಿಸಬಹುದೇ? 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಗಳ ನಡುಮಿದುಳಿನ ಒಂದು ಪುಟ್ಟ ಜಾಗಕ್ಕೆ ವಿದ್ಯುತ್ ಹರಿಸಿದ್ದರು. ಅರಿವಳಿಕೆ ಮದ್ದಿಲ್ಲದೆಯೇ ಅವುಗಳಿಗೆ ಶಸ್ತ್ರಚಿಕಿತ್ಸೆ ಮಾಡಲು ಆಗಿತ್ತು. ಅಲ್ಲಿಂದ ಹೊರಟ ನರಗಳು ಬೆನ್ನುಹುರಿಯವರೆಗೆ ಸಂದೇಶ ಕಳಿಸಿ, ಮೇಲೆ ಬರುವ ನೋವಿನ ಸಂಕೇತವನ್ನು ದಾರಿಯಲ್ಲೇ ತಗ್ಗಿಸುತ್ತವೆ.

ಇದರಲ್ಲಿ ಓಪಿಯಾಯ್ಡ್‌ಗಳ ಕೈವಾಡ ಇದೆ ಎಂದು ಹಿಡಿದ ಉಪಾಯ ನನಗೆ ತುಂಬ ಇಷ್ಟ. ನಲಾಕ್ಸೋನ್ ಎಂಬ ಮದ್ದು ಓಪಿಯಾಯ್ಡ್ ಗ್ರಾಹಕಗಳನ್ನು ಮುಚ್ಚಿಬಿಡುತ್ತದೆ. ವಿದ್ಯುತ್ತಿನಿಂದ ಸಿಕ್ಕ ಆರಾಮ ನಲಾಕ್ಸೋನ್ ಕೊಟ್ಟಾಗ ಕಡಿಮೆಯಾದರೆ, ಆ ಆರಾಮ ಓಪಿಯಾಯ್ಡ್‌ಗಳಿಂದಲೇ ಬಂದಿರಬೇಕು. 1976ರಲ್ಲಿ ಹುದಾ ಅಕಿಲ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ತೋರಿಸಿದರು. ಆರಾಮ ಪೂರ್ತಿ ಹೋಗಲಿಲ್ಲ, ಒಂದಷ್ಟು ಹೋಯಿತು. ಅಂದರೆ ಬೇರೆ ದಾರಿಗಳೂ ಇವೆ. ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಕೂಡ ನೋವು ತಗ್ಗಿಸುವ ಈ ಕೆಲಸದಲ್ಲಿ ಸೇರಿಕೊಂಡಿವೆ. ಆಮೇಲೆ ಸ್ವೀಡನ್‌ನಲ್ಲಿ ಚರ್ಮದ ಮೇಲಿನಿಂದ ವಿದ್ಯುತ್ ಕೊಟ್ಟು ರೋಗಿಗಳನ್ನು ಪರೀಕ್ಷಿಸಿದರು. ನಿಧಾನ ಮಿಡಿತದ ವಿದ್ಯುತ್ತಿನ ಗುಣವನ್ನು ನಲಾಕ್ಸೋನ್ ತಡೆಯಿತು, ವೇಗದ ಮಿಡಿತದ್ದನ್ನು ತಡೆಯಲಿಲ್ಲ. ಹಾಗಾಗಿ ಕರೆಂಟ್ ಕೊಟ್ಟರೆ ಸಾಕು, ಎಂಡಾರ್ಫಿನ್ ಸುರಿಯುತ್ತದೆ ಎಂದು ಸುಮ್ನೆ ಹೇಳಿಬಿಡುವ ಜಾಹೀರಾತುಗಳನ್ನು ನಂಬಬೇಡಿ. ಮಿಡಿತ ಎಷ್ಟು, ಕೊಡುವುದು ಎಲ್ಲಿಗೆ ಎಂಬುದೆಲ್ಲ ಮುಖ್ಯ.

ಈಗ ಮೈಗ್ರೇನ್‌ಗೆ ಬರೋಣ. ಮುಖ ಮತ್ತು ಮಿದುಳಿನ ಪೊರೆಯ ನೋವನ್ನು ಸಾಗಿಸುವುದು ಟ್ರೈಜೆಮಿನಲ್ ನರ. ಇದರ ಎಳೆಗಳೂ ಕುತ್ತಿಗೆಯ ನರಗಳ ಎಳೆಗಳೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಕೂಡುತ್ತವೆ. ಮೈಗ್ರೇನ್ ಬಂದಾಗ ಕುತ್ತಿಗೆಯೂ ಹಿಡಿದುಕೊಳ್ಳುವುದಕ್ಕೆ ಇದೊಂದು ಕಾರಣ. ಹಣೆಗೋ ತಲೆಯ ಹಿಂಭಾಗಕ್ಕೋ ವಿದ್ಯುತ್ ಕೊಡುವವರು ಈ ಕೂಡುವ ಜಾಗಕ್ಕೇ ಗುರಿಯಿಡುತ್ತಾರೆ. ತೋಳಿನ ಲೆಕ್ಕ ಬೇರೆ. ಮೈಯ ಒಂದು ಕಡೆ ಜೋರಾದ ಸಂವೇದನೆ ಹುಟ್ಟಿದರೆ, ಇನ್ನೊಂದು ಕಡೆಯ ನೋವನ್ನು ಮಿದುಳು ಅಡಗಿಸುತ್ತದೆ. ನೆರಿವಿಯೊ ನಂಬಿರುವುದು ಇದನ್ನೇ. 45 ನಿಮಿಷ ಕಟ್ಟಿಕೊಳ್ಳಬೇಕು. ಜುಮುಗುಟ್ಟುವುದು ಚೆನ್ನಾಗಿ ಗೊತ್ತಾಗಬೇಕು, ನೋಯಬಾರದು.

ಮಿಚಿಗನ್ ವಿಶ್ವವಿದ್ಯಾಲಯದವರು ಮೈಗ್ರೇನ್ ಬಂದಿರುವಾಗಲೇ ರೋಗಿಗಳ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ ನೋಡಿದರು. ಮೈಯ ಓಪಿಯಾಯ್ಡ್‌ಗಳು ಆಗಲೇ ಕೆಲಸಕ್ಕೆ ಇಳಿದಿದ್ದ ಗುರುತು ಸಿಕ್ಕಿತು. ಹೋರಾಟ ಒಳಗೆ ನಡೆದೇ ಇರುತ್ತದೆ, ನರ ಪ್ರಚೋದನೆ ಅದಕ್ಕೆ ಬಲ ತುಂಬಬಹುದು ಎಂಬ ಆಸೆ ಹುಟ್ಟುವುದು ಇಲ್ಲಿಂದ.

ಹಾಗಾದರೆ ಓಪಿಯಾಯ್ಡ್ ಮಾತ್ರೆಯನ್ನೇ ನುಂಗಬಹುದಲ್ಲ ಎನ್ನಬೇಡಿ. ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಹೀಗೇ ಕೆಲವು ತಿಂಗಳು ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚಾಗಬಹುದು. ಚಟದ ಅಪಾಯ ಬೇರೆ. ಪದೇಪದೇ ಮೈಗ್ರೇನ್ ಬರುವವರಿಗೆ ಮದ್ದಿಲ್ಲದ ಇನ್ನೊಂದು ದಾರಿ ಬೇಕೇ ಬೇಕು. ನೆರಿವಿಯೊದಂಥ ಸಾಧನವನ್ನು ನೋವು ಶುರುವಾದ ಮೊದಲ ಒಂದು ಗಂಟೆಯೊಳಗೆ ಹಾಕಿಕೊಳ್ಳಬೇಕು ಎನ್ನುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇವನ್ನು ಬಳಸಬಾರದು. ಉಳಿದವರೂ ಕೊಳ್ಳುವ ಮೊದಲು ನರರೋಗ ತಜ್ಞರನ್ನು ಕೇಳಿ.