ದಾರಂದದ ತೇಗದಿಂದ ಎಲೆಕ್ಟ್ರಿಕ್ ಗಿಟಾರ್ ಮಾಡಬಹುದೇ?

ಪ್ರಶ್ನೆ: ಹಳೆಯ ಮನೆ ಕೆಡವಿದಾಗ ಸಿಕ್ಕಿದ ತೇಗದ ದಾರಂದವೂ ಒಂದಿಷ್ಟು ಪ್ಲೈವುಡ್ ತುಂಡುಗಳೂ ನಮ್ಮಲ್ಲಿವೆ. ಇವನ್ನೇ ಬಳಸಿ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇನೆಂದು ಮಗ ಹಟ ಹಿಡಿದಿದ್ದಾನೆ. ಗಿಟಾರಿಗೆಂದೇ ಆರಿಸಿದ ಮರವಾಗಲಿ ಕಾರ್ಖಾನೆಯ ಯಂತ್ರಗಳಾಗಲಿ ಇಲ್ಲದೆ ಮಾಡಿದ್ದು ನಿಜವಾಗಿ ನುಡಿಸಲು ಬರುತ್ತದೆಯೇ, ಅಥವಾ ಗೋಡೆಗೆ ತೂಗುಹಾಕುವ ವಸ್ತುವಾಗಿ ಉಳಿಯುತ್ತದೆಯೇ?

ಉತ್ತರ: ನುಡಿಸಲು ಬರುತ್ತದೆ. ಆದರೆ ಮರ ಯಾವುದೆಂಬ ಚಿಂತೆಯನ್ನು ಅರ್ಧಕ್ಕಿಳಿಸಿ, ಆ ಚಿಂತೆಯನ್ನೆಲ್ಲ ಅಳತೆಪಟ್ಟಿಯ ಮೇಲೆ ಇಡಬೇಕಾಗುತ್ತದೆ.

ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನ ಕುದುರೆಯ ಮೂಲಕ ತೆಳುವಾದ ಮೇಲ್ಹಲಗೆಗೆ ಇಳಿದು, ಆ ಹಲಗೆ ಗಾಳಿಯನ್ನು ಅಲುಗಿಸುವುದರಿಂದ ನಾದ ಹುಟ್ಟುತ್ತದೆ. ಹಾಗಾಗಿ ಅಲ್ಲಿ ಮರದ ಜಾತಿ, ಎಳೆ, ದಪ್ಪ ಎಲ್ಲವೂ ನಿರ್ಣಾಯಕ. ಎಲೆಕ್ಟ್ರಿಕ್ ಗಿಟಾರಿನ ಬಗೆ ಬೇರೆ. ಉಕ್ಕಿನ ತಂತಿ ಆಯಸ್ಕಾಂತದ ಮೇಲೆ ಅಲುಗಿದಾಗ, ಆಯಸ್ಕಾಂತದ ಸುತ್ತ ಸುತ್ತಿರುವ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ತ್ವವೇ ಇದು. ಸೈಕಲ್ಲಿನ ಡೈನಮೊ ದೀಪ ಕೂಡ ಇದರಿಂದಲೇ ಉರಿಯುವುದು. ಆ ಸುರುಳಿಗೆ ಪಿಕಪ್ ಎಂದು ಹೆಸರು. ಪಿಕಪ್ ಗಮನಿಸುವುದು ತಂತಿಯನ್ನೇ ಹೊರತು ಮರವನ್ನಲ್ಲವಾದ್ದರಿಂದ, ಗಿಟಾರಿನ ಒಡಲು ಮಾಡಬೇಕಾದ ಮುಖ್ಯ ಕೆಲಸ ತಂತಿಯ ಎರಡು ತುದಿಗಳನ್ನು ಅಲುಗದಂತೆ ಹಿಡಿದುಕೊಳ್ಳುವುದು. 1940ರ ಆಸುಪಾಸಿನಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕಂಗುಲ ಚೌಕದ ಪೈನ್ ತೊಲೆಗೆ ತಂತಿ ಬಿಗಿದು ನುಡಿಸಿದರು. ನೋಡುವವರಿಗೆ ಗಿಟಾರಿನಂತೆ ಕಾಣಲಿ ಎಂದು ಆಮೇಲೆ ಹಳೆಯ ಗಿಟಾರೊಂದರ ಎರಡು ಹೋಳುಗಳನ್ನು ಅದರ ಪಕ್ಕಗಳಿಗೆ ಸೇರಿಸಿದರು. 1950ರ ದಶಕದ ಡ್ಯಾನ್‌ಎಲೆಕ್ಟ್ರೊ ಕಂಪನಿಯಂತೂ ಮರದ ಚೌಕಟ್ಟಿನ ಮೇಲೆ ಹಾರ್ಡ್‌ಬೋರ್ಡ್ ಹೊದಿಸಿ, ಲಿಪ್‌ಸ್ಟಿಕ್ ಕೊಳವೆಗಳೊಳಗೆ ಪಿಕಪ್ ಕೂರಿಸಿ ಅಗ್ಗದ ಗಿಟಾರುಗಳನ್ನು ಮಾರಿತು. ಇಂದು ಅವನ್ನೇ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ನಿಮ್ಮ ಮಗನಿಗೆ ಹೇಳಲೇಬೇಕಾದ ಕಥೆ ಬ್ರಿಟನ್ನಿನ ಕ್ವೀನ್ ಎಂಬ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರದು. 1963ರಲ್ಲಿ ಲಂಡನ್ನಿನ ಹೊರವಲಯದ ಫೆಲ್ಟಮ್‌ನಲ್ಲಿದ್ದ ಹದಿನಾರರ ಆ ಹುಡುಗನಿಗೆ ಅಂಗಡಿಯ ಗಿಟಾರ್ ಕೊಳ್ಳುವ ಶಕ್ತಿ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದ ತಂದೆ ಹೆರಾಲ್ಡ್ ಜೊತೆ ಕೂತು ಸುಮಾರು ಎರಡು ವರ್ಷ ದುಡಿದು ಅವನು ಮಾಡಿಕೊಂಡ ಗಿಟಾರೇ ‘ರೆಡ್ ಸ್ಪೆಷಲ್’. ಪರಿಚಿತರ ಮನೆಯಿಂದ ಬಿಸಾಡಲಿದ್ದ, ನೂರು ವರ್ಷ ಹಳೆಯದಾದ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟನ್ನು ಕೆತ್ತಿ ಕತ್ತು ಮಾಡಿದರು. ಅದರಲ್ಲಿ ಹುಳು ಕೊರೆದ ತೂತುಗಳಿದ್ದುವು, ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಓಕ್ ಮೇಜಿನ ತುಂಡು, ಬ್ಲಾಕ್‌ಬೋರ್ಡ್ (ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಹಲಗೆ), ಮೇಲೊಂದು ಮಹಾಗನಿ ವೆನೀರ್. ಸ್ವರವನ್ನು ಬಳುಕಿಸುವ ಟ್ರೆಮೊಲೊ ಒಂದು ಚಾಕುವಿನ ಅಲಗಿನ ಮೇಲೆ ತೂಗುತ್ತದೆ, ಅದನ್ನು ಎಳೆದು ಹಿಡಿಯುವುದು 1928ರ ಪ್ಯಾಂಥರ್ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು, ಕೈಗೆ ಸಿಗುವ ಸಲಾಕೆ ಸೈಕಲ್ಲಿನ ಚೀಲ ತೂಗುವ ಕಂಬಿ, ಅದರ ತುದಿ ತಾಯಿಯ ಹೆಣಿಗೆ ಕಡ್ಡಿಯದು. ಕತ್ತಿನ ಮೇಲಿನ ಬಿಳಿ ಚುಕ್ಕಿಗಳು ತಾಯಿಯ ಹೊಲಿಗೆ ಪೆಟ್ಟಿಗೆಯಿಂದ ಬಂದ ಮುತ್ತಿನ ಚಿಪ್ಪಿನ ಗುಂಡಿಗಳು. ಒಟ್ಟು ಖರ್ಚು ಸುಮಾರು 8 ಪೌಂಡ್ ಎಂದು ಹೇಳುತ್ತಾರೆ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಅವರು ರಾಷ್ಟ್ರಗೀತೆ ನುಡಿಸಿದ್ದು ಇದೇ ಗಿಟಾರಿನಲ್ಲಿ.

ಈ ಕಥೆಯನ್ನು ಕೇಳಿದವರು ಗುಜರಿ ಸಾಮಾನಿನ ಸ್ವಾರಸ್ಯವನ್ನಷ್ಟೇ ನೆನಪಿಟ್ಟುಕೊಂಡು, ಆ ತಂದೆ-ಮಗ ಪ್ರತಿಯೊಂದು ಬಿಡಿಭಾಗಕ್ಕೂ ಮೊದಲು ನಕ್ಷೆ ಬರೆದು, ಪರೀಕ್ಷೆ ಮಾಡಿ, ಸರಿಬಾರದ್ದನ್ನು ಮತ್ತೆ ಮಾಡಿದರೆಂಬುದನ್ನು ಮರೆಯುತ್ತಾರೆ. ಅಗ್ಗವಾಗಿದ್ದುದು ಸಾಮಗ್ರಿ ಮಾತ್ರ.

ಅಳತೆ ಎಂದೆನಲ್ಲ, ಅದು ಫ್ರೆಟ್‌ಗಳ, ಅಂದರೆ ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳ ವಿಷಯ. ನಮ್ಮ ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಬಲ್ಲವರು ಮೇಣ ಸಡಿಲಿಸಿ ಮೆಟ್ಟಿಲನ್ನು ಸರಿಸಿ ಕಿವಿಗೆ ಒಪ್ಪುವಂತೆ ಮತ್ತೆ ಕಟ್ಟುತ್ತಾರೆ. ಗಿಟಾರಿನಲ್ಲಿ ಆ ಅನುಕೂಲವಿಲ್ಲ. ಗರಗಸದಿಂದ ಸೀಳಿದ ಗೀರಿನೊಳಗೆ ಫ್ರೆಟ್ ಬಡಿದ ಮೇಲೆ ಅದು ಅಲ್ಲೇ. ಲೆಕ್ಕ ಮಾತ್ರ ಸುಲಭವಾದದ್ದು: ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕುದುರೆಯವರೆಗಿನ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಅಲ್ಲಿಂದ ಎರಡನೆಯದಕ್ಕಿರುವ ದೂರ. ಉದ್ದ 648 ಮಿಲಿಮೀಟರ್ ಇದ್ದರೆ, ನಟ್‌ನಿಂದ ಅಳೆದಾಗ ಮೊದಲನೆಯದು 36.4ರಲ್ಲಿ, ಎರಡನೆಯದು 70.7ರಲ್ಲಿ, ಏಳನೆಯದು 215.5ರಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 324ರಲ್ಲಿ ಬರುತ್ತದೆ.

ನಾನು ಮೊದಲ ಸಲ ಹಲಸಿನ ಪಟ್ಟಿಯೊಂದರ ಮೇಲೆ ಈ ಕೆಲಸ ಮಾಡಿದಾಗ ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋದೆ. ಪೆನ್ಸಿಲ್ ಗೆರೆಯ ದಪ್ಪವೇ ಕಾಲು ಮಿಲಿಮೀಟರ್ ಇದ್ದಿರಬೇಕು. ಪ್ರತಿ ಸಲವೂ ಅಷ್ಟಷ್ಟೇ ತಪ್ಪು ಕೂಡಿಕೊಂಡು ಹನ್ನೆರಡನೆಯ ಫ್ರೆಟ್ ಮೂರು ಮಿಲಿಮೀಟರ್ ಆಚೆ ಬಿದ್ದಿತ್ತು. ಕೇಳಲು ಅಲ್ಪವೆನಿಸುವ ಆ ಮೂರು ಮಿಲಿಮೀಟರ್ ಅರ್ಧಸ್ವರದ ಆರನೆಯ ಒಂದು ಪಾಲಿನಷ್ಟು ಅಪಸ್ವರ, ಶ್ರುತಿಜ್ಞಾನ ಇಲ್ಲದವರೂ ಮುಖ ಹಿಂಡುವಷ್ಟು. ಆ ಪಟ್ಟಿ ಈಗ ನಮ್ಮ ಮನೆಯ ಕಿಟಕಿಗೆ ಆಸರೆ ಕೊಡುತ್ತಿದೆ. ಎಲ್ಲ ಅಳತೆಗಳನ್ನೂ ನಟ್‌ನಿಂದಲೇ, ಒಂದೇ ಉಕ್ಕಿನ ಪಟ್ಟಿಯನ್ನು ಕದಲಿಸದೆ ಇಟ್ಟು, ಪೆನ್ಸಿಲ್ಲಿನ ಬದಲು ಬ್ಲೇಡಿನ ತುದಿಯಿಂದ ಗುರುತಿಸಬೇಕು. ಕುದುರೆಯನ್ನು ಮಾತ್ರ ಹಿಂದೆ ಮುಂದೆ ಸರಿಯುವಂತೆ ಬಿಡಿ, ಏಕೆಂದರೆ ಒತ್ತಿದಾಗ ತಂತಿ ತುಸು ಬಿಗಿಯಾಗುವುದರಿಂದ ಅದನ್ನು ಲೆಕ್ಕಕ್ಕಿಂತ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಬೇಕಾಗುತ್ತದೆ.

ನಿಮ್ಮ ದಾರಂದಕ್ಕೆ ಬರೋಣ. ಆರು ತಂತಿಗಳೂ ಸೇರಿ ಕತ್ತನ್ನು ಎಳೆಯುವ ಬಲ ಸುಮಾರು 45 ಕಿಲೋ ತೂಕದಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆಯಷ್ಟು. ಹಲವು ಮಳೆಗಾಲ ಕಂಡು ಒಣಗಿದ ತೇಗ ಕತ್ತಿಗೆ ಹೇಳಿ ಮಾಡಿಸಿದಂಥದು, ಆದರೆ ಎಳೆ ನೇರವಾಗಿರುವ, ಗಂಟಿಲ್ಲದ, ಮೊಳೆಯ ತೂತಿಲ್ಲದ ಭಾಗವನ್ನೇ ಆರಿಸಿ, ಒಳಗೊಂದು ಉಕ್ಕಿನ ಸರಳು ಹುದುಗಿಸಬೇಕು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುನ್ನ ಹೊಸದಾಗಿ ಹೆರೆದು ಥಿನ್ನರಿನಿಂದ ಒರೆಸದಿದ್ದರೆ ಜೋಡಣೆ ಬಿಟ್ಟುಕೊಳ್ಳುತ್ತದೆ. ಪ್ಲೈವುಡ್ಡನ್ನು ಎರಡು ಪದರ ಅಂಟಿಸಿ ಒಡಲಿಗೆ ಬಳಸಿ. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡ, ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಪಿಕಪ್ಪನ್ನು ಸ್ವತಃ ಸುತ್ತುವ ಆಸೆ ಎಲ್ಲರಿಗೂ ಬರುತ್ತದೆ. ಕಾಂಗೋ ದೇಶದ ಕಿನ್ಶಾಸದ ಕೊನೊನೊ ನಂಬರ್ 1 ತಂಡದವರು ಹಳೆಯ ಕಾರುಗಳ ಬಿಡಿಭಾಗಗಳಿಂದ ಆಯಸ್ಕಾಂತ ಕಿತ್ತು ತಮ್ಮ ವಾದ್ಯಗಳಿಗೆ ಪಿಕಪ್ ಮಾಡಿಕೊಂಡಿದ್ದರು. ನಮ್ಮಲ್ಲಿ ಎಡವುವುದು ಗೇಜಿನ, ಅಂದರೆ ತಂತಿಯ ದಪ್ಪವನ್ನು ಸೂಚಿಸುವ ಸಂಖ್ಯೆಯ ವಿಷಯದಲ್ಲಿ. ಅಮೆರಿಕದ ಸೂಚನೆಗಳಲ್ಲಿ ಬರುವ 42 ಗೇಜಿನ ತಾಮ್ರದ ತಂತಿ 0.063 ಮಿಲಿಮೀಟರ್ ದಪ್ಪದ್ದು, ಕೂದಲೆಳೆಯಂತಿರುತ್ತದೆ. ನಮ್ಮ ಮೋಟರ್ ವೈಂಡಿಂಗ್ ಅಂಗಡಿಗಳು ಬಳಸುವ ಬ್ರಿಟಿಷ್ ಗೇಜಿನಲ್ಲಿ 42 ಎಂದರೆ 0.1 ಮಿಲಿಮೀಟರ್. ಅದನ್ನು ತಂದು ಸುತ್ತಿದರೆ ಬೇಕಾದ ಏಳೆಂಟು ಸಾವಿರ ಸುತ್ತು ಮುಗಿಯುವ ಮೊದಲೇ ಬಾಬಿನ್ ತುಂಬಿಹೋಗುತ್ತದೆ. ಕೇಳಬೇಕಾದದ್ದು ಬ್ರಿಟಿಷ್ ಲೆಕ್ಕದ 46. ಬ್ರಯಾನ್ ಮೇ ಕೂಡ ಮೊದಲು ತಾನೇ ಪಿಕಪ್ ಸುತ್ತಿ, ತಂತಿಯನ್ನು ಪಕ್ಕಕ್ಕೆ ಎಳೆದಾಗ ಸದ್ದು ಕೆಡುತ್ತಿದೆಯೆಂದು ಕಂಡು, ಕೊನೆಗೆ ಬರ್ನ್ಸ್ ಕಂಪನಿಯ ಮೂರು ಪಿಕಪ್‌ಗಳನ್ನು ಕೊಂಡು ಹಾಕಿದರು. ಆದ್ದರಿಂದ ಮೊದಲ ಗಿಟಾರಿಗೆ ಪಿಕಪ್, ಬಿರಡೆ, ಫ್ರೆಟ್ ತಂತಿ ಇವಿಷ್ಟನ್ನು ಅಂಗಡಿಯಿಂದಲೇ ತರುವುದರಲ್ಲಿ ಅವಮಾನವೇನೂ ಇಲ್ಲ. ತಂತಿಗಳನ್ನು ಕೊಳ್ಳುವಾಗ ಎಲೆಕ್ಟ್ರಿಕ್ ಗಿಟಾರಿನದ್ದೇ ಎಂದು ಕೇಳಿ ತನ್ನಿ. ಕಂಚು ಸುತ್ತಿದ ತಂತಿಗಳಲ್ಲಿ ಒಳಗಿನ ಉಕ್ಕಷ್ಟೇ ಆಯಸ್ಕಾಂತಕ್ಕೆ ಓಗೊಡುವುದರಿಂದ ಅವು ಸೊರಗಿದಂತೆ ಕೇಳಿಸುತ್ತವೆ.

ಇನ್ನು ಆಂಪ್ಲಿಫೈಯರಿನಲ್ಲಿ ಕೇಳಿಸುವ ಗುಂಯ್‌ಗುಡುವಿಕೆ. ಪಿಕಪ್ ಕೂರುವ ಗುಳಿಯ ಒಳಮೈಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ಜ್ಯಾಕಿನ (ಆಂಪ್ಲಿಫೈಯರಿನ ಕೇಬಲ್ ಚುಚ್ಚುವ ಜಾಗ) ಗ್ರೌಂಡಿಗೆ ಸೇರಿಸಿದರೆ, ಕುದುರೆಯಿಂದಲೂ ಅದೇ ಗ್ರೌಂಡಿಗೆ ಒಂದು ವೈರು ಎಳೆದರೆ ಬಹುಪಾಲು ಅಡಗುತ್ತದೆ. ಹಾಗೆ ಮಾಡಿದಾಗ ನುಡಿಸುವವನ ಬೆರಳಿನ ಕೆಳಗಿರುವ ತಂತಿಗಳು ಆಂಪ್ಲಿಫೈಯರಿನ ಲೋಹದ ಮೈಯೊಂದಿಗೆ ನೇರವಾಗಿ ಸೇರಿಕೊಂಡಿರುತ್ತವೆ ಎಂಬುದನ್ನು ನೆನಪಿಡಬೇಕು. ಗಿಟಾರಿನೊಳಗೆ ಅಪಾಯವಿಲ್ಲ, ಅಪಾಯವಿರುವುದು ಗೋಡೆಯ 230 ವೋಲ್ಟಿನಲ್ಲಿ. ಅರ್ತ್ ಪಿನ್ ಮುರಿದ ಪ್ಲಗ್ಗನ್ನೋ ಎರಡು ಪಿನ್ನಿನ ಅಡಾಪ್ಟರನ್ನೋ ಹಾಕಿ ಹಳೆಯ ಆಂಪ್ಲಿಫೈಯರ್ ನಡೆಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಹುಡುಗ ಮೊದಲ ತಂತಿ ಮೀಟುವ ಮುನ್ನ ಆ ಸಾಕೆಟ್ಟಿನ ಅರ್ತ್ ಸರಿಯಿದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ಅಲ್ಲಿಯವರೆಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರ್ ಸಾಕು.